ಲೆಕ್ಕಕ್ಕೆ ಸಿಗದ ಗಂಡಸು

ಕರ್ನಾಟಕ ಸರ್ಕಾರ 1993–94ರಲ್ಲಿ ದೇವದಾಸಿಯರ ಲೆಕ್ಕ ತೆಗೆಯಿತು. ಬಿಟ್ಟುಹೋದವರಿದ್ದಾರೆ ಎಂಬ ಕೂಗಿನ ಮೇಲೆ 2007–08ರಲ್ಲಿ ಮತ್ತೊಮ್ಮೆ ತೆಗೆಯಿತು. ಎರಡೂ ಸೇರಿ ಪಟ್ಟಿಗೆ ಬಂದ ಹೆಣ್ಣುಮಕ್ಕಳು 46,660. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಗಳ ದಲಿತ ಕೇರಿಗಳಲ್ಲೇ ಇವರಲ್ಲಿ ಬಹುಪಾಲು ಮಂದಿ ಹುಟ್ಟಿದ್ದು. ಮಾಸಾಶನ, ಮನೆ, ಸಾಲ ಕೊಡುವುದಕ್ಕಾಗಿ ಮಾಡಿದ ಎಣಿಕೆಯಾದ್ದರಿಂದ ಹೆಂಗಸರನ್ನೇ ಎಣಿಸಿದ್ದು ತಪ್ಪಲ್ಲ. ಆದರೂ ಆ ಅಂಕಿಯ ಮುಂದೆ ಒಂದು ಸಣ್ಣ ಗಣಿತ ತಾನಾಗಿಯೇ ಏಳುತ್ತದೆ. ಇಷ್ಟು ಜನ ಹುಡುಗಿಯರನ್ನು ದೇವರಿಗೆ ಬಿಟ್ಟ ಮೇಲೆ ಅವರ ಬಾಗಿಲಿಗೆ ಹೋದ ಗಂಡಸರೂ ಸಾವಿರಗಟ್ಟಲೆ ಇದ್ದಿರಲೇಬೇಕು. ಅವರು ಎಷ್ಟು ಮಂದಿ, ಯಾವ ಊರಿನವರು, ಎಷ್ಟು ಎಕರೆಯ ಒಡೆಯರು? ಪ್ರಕಟವಾದ ಯಾವ ಅಂಕಿಯಲ್ಲೂ ಅವರಿಲ್ಲ. ಇದನ್ನು ಗುಮಾಸ್ತರ ಮರೆವು ಎಂದು ತಳ್ಳಿಹಾಕುವಂತಿಲ್ಲ. ದೇವರ ಹೆಸರಿನಲ್ಲಿ ಹುಡುಗಿಯ ಕೊರಳಿಗೆ ಮುತ್ತು ಕಟ್ಟುವ ಈ ಪದ್ಧತಿಯನ್ನು ಹೆಣೆದ ರೀತಿಯೇ ಹಾಗಿದೆ: ಹೊಣೆಯ ಒಂದು ಪಾಲು ಮೇಲೆ ದೇವತೆಗೆ, ಇನ್ನೊಂದು ಪಾಲು ಕೆಳಗೆ ಹೆತ್ತವಳಿಗೆ, ನಡುವೆ ನಿಂತ ಗಂಡಸಿನ ಕೈಗೆ ಏನೂ ಅಂಟುವುದಿಲ್ಲ. ಆಮೇಲೆ ಬಂದ ಸುಧಾರಕರೂ ಶಾಸನಕಾರರೂ ಪದ್ಧತಿಯನ್ನು ವಿರೋಧಿಸುತ್ತಲೇ ಅದರ ಈ ಹಂಚಿಕೆಯನ್ನು ಮಾತ್ರ ಹಾಗೆಯೇ ಒಪ್ಪಿಕೊಂಡರು.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಹಿಂದೆ ನಡೆಯುತ್ತಿದ್ದ ವಿಧಿಯನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಬಂದವರು ಜೋಗುಳಬಾವಿಯಲ್ಲಿ ಮಿಂದು, ಸತ್ಯವ್ವನಿಗೆ ಕೈಮುಗಿದು, ಬೇವಿನುಡುಗೆ ಉಟ್ಟು, ಹಣೆತುಂಬ ಭಂಡಾರ ಬಳಿದುಕೊಂಡು, ‘ಉಧೋ ಉಧೋ’ ಎನ್ನುತ್ತ ಗುಡ್ಡ ಹತ್ತುತ್ತಾರೆ. ದೇವರಿಗೆ ಬಿಡಬೇಕಾದ ಹುಡುಗಿಯನ್ನು ಹಿರಿಯ ಜೋಗತಿಯರು ಸುತ್ತುವರಿದು ಕೂರಿಸುತ್ತಿದ್ದರು. ಹೊಸ ಸೀರೆ, ಹಸಿರು ಬಳೆ, ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಕೈಯಲ್ಲಿ ಜೋಗದ ಬುಟ್ಟಿ ಪಡ್ಡಲಿಗಿ, ಕೊರಳಿಗೆ ಕೆಂಪು ಬಿಳಿ ಮಣಿಗಳ ಸರ. ಆ ಸರ ಕಟ್ಟಿದ ಮೇಲೆ ಮಂಗಳವಾರ, ಶುಕ್ರವಾರ ಐದು ಮನೆ ಜೋಗ ಬೇಡುವ ಹಕ್ಕು ಅವಳದು. ಕಾರಣಗಳು ಹಲವು: ತಲೆಯಲ್ಲಿ ಜಡೆ ಗಂಟುಕಟ್ಟಿತು, ಮನೆಯಲ್ಲಿ ಬೇನೆ ಬಿಡಲಿಲ್ಲ, ಗಂಡು ಹುಟ್ಟಲಿಲ್ಲ, ಅಜ್ಜಿಯ ಕಾಲದ ಹರಕೆ ಬಾಕಿಯಿತ್ತು. ನೋಟಕ್ಕೆ ಎಲ್ಲವೂ ಮದುವೆಯ ಸಡಗರವೇ. ಆದರೆ ಮದುವೆ ಎಂದರೆ ಒಬ್ಬ ವರ ಎದುರಿಗೆ ನಿಲ್ಲಬೇಕು, ಅವನ ಕಡೆಯವರು ಬರಬೇಕು, ಹತ್ತು ಜನರ ಮುಂದೆ ಮಾತಿಗೆ ಕಟ್ಟುಬೀಳಬೇಕು. ಬಡವರ ಮದುವೆಯಲ್ಲೂ ಇಷ್ಟು ಇರುತ್ತದೆ. ಇಲ್ಲಿ ವರನ ಜಾಗದಲ್ಲಿ ಕೂತದ್ದು ದೇವರು. ಮುಂದೊಂದು ದಿನ ಆ ಹುಡುಗಿಯ ಬಳಿ ಬರುವ ಗಂಡಸು ಆ ಹೊತ್ತು ಗುಡ್ಡದಲ್ಲಿ ಇರಬೇಕಾಗಿಲ್ಲ, ಏನನ್ನೂ ಆಡಿ ಒಪ್ಪಿಕೊಳ್ಳಬೇಕಾಗಿಲ್ಲ.

ಅವನು ಬರುವುದು ಹುಡುಗಿ ಮೈನೆರೆದ ಮೇಲೆ. ಊರಿನಲ್ಲಿ ಜಮೀನುಳ್ಳ ಗೌಡ, ದೇಸಾಯಿ, ಸಾಹುಕಾರ, ಕೆಲವೆಡೆ ಪೂಜಾರಿ. ಅವಳ ಮನೆಯವರು ದುಡಿಯುವ ಹೊಲ ಬಹಳ ಸಲ ಅವನದೇ, ತಂದೆ ತೀರಿಸಬೇಕಾದ ಸಾಲವೂ ಅವನದೇ. ಒಂದು ಸೀರೆ, ಕುಪ್ಪಸ, ಒಂದಿಷ್ಟು ಜೋಳ, ಕೈಗಿಷ್ಟು ರೊಕ್ಕ ಕೊಟ್ಟರೆ ಸಾಕು; ಇದಕ್ಕೆ ‘ಇಟ್ಟುಕೊಳ್ಳುವುದು’ ಎಂದು ಹೆಸರು. ಹಗಲು ಅವಳ ಅಣ್ಣ ಮುಟ್ಟಿದ ಕೊಡದ ನೀರು ಆ ಮನೆಗೆ ಮೈಲಿಗೆಯಾಗುತ್ತಿತ್ತು, ರಾತ್ರಿ ಅವಳು ಮೈಲಿಗೆಯಾಗುತ್ತಿರಲಿಲ್ಲ. ಹುಟ್ಟಿದ ಮಗು ತಾಯಿಯ ಕೇರಿಗೆ, ತಾಯಿಯ ಜಾತಿಗೆ ಸೇರಿತು. ತಂದೆಯ ಮನೆಯ ಪಾಲುಪತ್ರದಲ್ಲಿ ಅದಕ್ಕೆ ಜಾಗವಿಲ್ಲ. ಅವನು ಸತ್ತರೆ ಇವಳು ಹೋಗಿ ಅಳುವಂತೆಯೂ ಇಲ್ಲ. ಐದಾರು ವರ್ಷಕ್ಕೆ ಅವನ ಬರವು ನಿಂತರೆ ಕೇಳುವವರಿಲ್ಲ. ಆಮೇಲೆ ಇನ್ನೊಬ್ಬ, ಅದೂ ಆಗದಿದ್ದರೆ ನಿಪ್ಪಾಣಿಯ ಬೀಡಿ ಕೆಲಸ, ಕಬ್ಬಿನ ಕೂಲಿ, ಇಲ್ಲವೇ ಸಾಂಗ್ಲಿ, ಪುಣೆ, ಮುಂಬಯಿಯ ಗಲ್ಲಿಗಳು. ಸವದತ್ತಿಯ ಗುಡ್ಡದಿಂದ ಮುಂಬಯಿಯ ವೇಶ್ಯಾವಾಟಿಕೆ ಕಾಮಾಠಿಪುರಕ್ಕೆ ಹೋದ ದಾರಿಯ ಬಗ್ಗೆ 1970, 80ರ ದಶಕಗಳಲ್ಲಿ ಮರಾಠಿ, ಕನ್ನಡ ಪತ್ರಿಕೆಗಳು ಸಾಕಷ್ಟು ಬರೆದವು. ಊರಿನ ಆ ಮೊದಲ ಬಾಗಿಲಿನ ಬಗ್ಗೆ, ಅದನ್ನು ತಟ್ಟಿದವನ ಬಗ್ಗೆ ಬರೆದದ್ದು ಕಡಿಮೆ.

ಎಲ್ಲಮ್ಮನಾದ ರೇಣುಕೆಯ ಕಥೆ ಇಡೀ ಸೀಮೆಗೆ ಗೊತ್ತು. ಹಸಿ ಮರಳಿನ ಕೊಡದಲ್ಲಿ, ಹಾವಿನ ಸಿಂಬಿಯ ಮೇಲೆ ನೀರು ತರುತ್ತಿದ್ದ ರೇಣುಕೆ ಒಂದು ದಿನ ನೀರಾಟ ಆಡುತ್ತಿದ್ದ ಗಂಧರ್ವನನ್ನು ಕಂಡಳು, ಒಂದು ಗಳಿಗೆ ಮನಸ್ಸು ಕದಲಿತು, ಕೊಡ ಕಟ್ಟಲಾಗಲಿಲ್ಲ. ಗಂಡ ಜಮದಗ್ನಿ ತಲೆ ಕಡಿಯಲು ಹೇಳಿದ, ಹಿರಿಯ ಮಕ್ಕಳು ಒಪ್ಪದೆ ಶಾಪ ಹೊತ್ತರು, ಪರಶುರಾಮ ಕಡಿದ. ಕಡಿದವನಿಗೆ ವರ ಸಿಕ್ಕಿತು, ಆ ವರದಿಂದಲೇ ತಾಯಿ ಮತ್ತೆ ಎದ್ದಳು. ಹಾಗೆ ಎದ್ದಾಗ ಅವಳ ತಲೆ ಮಾತಂಗಿ ಎಂಬ ಹೆಂಗಸಿನ ತಲೆಯೊಂದಿಗೆ ಅದಲುಬದಲಾದ ಪಾಠವೂ ಜನರ ಬಾಯಲ್ಲಿದೆ. ಈ ಕಥೆಯನ್ನು ಚೌಡಿಕೆ ನುಡಿಸುತ್ತ ಹಾಡುವ ಜೋಗತಿಯರಿಗೆ ಎಲ್ಲಮ್ಮ ನೊಂದ ತಾಯಿ, ತಮ್ಮ ಹಾಗೆಯೇ ಅನ್ಯಾಯ ಉಂಡವಳು. ಹೊಸ್ತಿಲ ಹುಣ್ಣಿಮೆಗೆ ಅವಳೊಂದಿಗೆ ಬಳೆ ಒಡೆದುಕೊಂಡು, ಭಾರತ ಹುಣ್ಣಿಮೆಗೆ ಅವಳೊಂದಿಗೆ ಮತ್ತೆ ಮುತ್ತೈದೆಯಾಗುವ ಆ ಭಕ್ತಿಯನ್ನು ಹೊರಗಿನಿಂದ ತೂಗಿ ಬೆಲೆ ಕಟ್ಟುವುದು ನನ್ನ ಕೆಲಸವಲ್ಲ. ನೋಡಬೇಕಾದದ್ದು ಕಥೆಯೊಳಗಿನ ನ್ಯಾಯದ ಲೆಕ್ಕ: ಹೆಣ್ಣಿನ ಒಂದು ಗಳಿಗೆಯ ನೋಟಕ್ಕೆ ತಲೆದಂಡ, ಗಂಡಿನ ಕೊಡಲಿಗೆ ವರ. ಆ ದೇವತೆಯ ಹೆಸರಿನಲ್ಲಿ ಬಿಟ್ಟ ಹುಡುಗಿಯ ಮೇಲೆ ನಡೆದದ್ದನ್ನು ಊರು ದೇವಿಯ ಇಚ್ಛೆ ಎಂದು ಕರೆಯಿತು. ಹಾಗೆ ಕರೆದ ಮೇಲೆ ದೂರು ಕೊಡುವುದು ಎಂದರೆ ದೇವಿಯ ಮೇಲೆಯೇ ದೂರು ಕೊಟ್ಟಂತೆ. ಬೇನೆ ಬರುತ್ತದೆ, ಮನೆ ಹಾಳಾಗುತ್ತದೆ ಎಂಬ ಭಯ ಕಾಡಿದ್ದು ಕೇರಿಯನ್ನು. ಗೌಡರ ಓಣಿಯಲ್ಲಿ ಆ ಭಯಕ್ಕೆ ಕಾರಣವೇ ಇರಲಿಲ್ಲ.

‘ಬಿಡುವವರು ಹೆಂಗಸರೇ ಅಲ್ಲವೇ, ತಾಯಿ, ಅಜ್ಜಿ, ಮುದಿ ಜೋಗತಿ, ಗಂಡಸರನ್ನೇಕೆ ದೂರುತ್ತೀರಿ’ ಎಂಬ ಮಾತು ಈ ಚರ್ಚೆಯಲ್ಲಿ ಬಂದೇ ಬರುತ್ತದೆ. ವಿಧಿ ನಡೆಸುವ ಕೈಗಳು ಹೆಂಗಸರವು ಎಂಬುದು ನಿಜ. ಆದರೆ ಆ ಕೈಗಳನ್ನು ಅಲ್ಲಿಗೆ ತಂದದ್ದು ಏನೆಂದು ನೋಡಬೇಕು. ಬಳ್ಳಾರಿ ಸೀಮೆಯಲ್ಲಿ ಗಂಡುಮಕ್ಕಳಿಲ್ಲದ ಮನೆ ಒಬ್ಬ ಮಗಳನ್ನು ಬಸವಿ ಬಿಟ್ಟರೆ ಅವಳು ಮಗನ ಹಾಗೆ ತವರಿನಲ್ಲೇ ಉಳಿಯುತ್ತಿದ್ದಳು, ತಂದೆಯ ಆಸ್ತಿಗೆ ಬಾಧ್ಯಳಾಗುತ್ತಿದ್ದಳು, ತಂದೆಗೆ ಕೊಳ್ಳಿ ಇಡುತ್ತಿದ್ದಳು. ಬ್ರಿಟಿಷ್ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 19ನೇ ಶತಮಾನದ ಕೊನೆಯಲ್ಲಿ ಬಸವಿಯರ ಬಗ್ಗೆ ಬರೆದಾಗ ಬೆರಗಿನಿಂದ ಗುರುತಿಸಿದ್ದು ಈ ಗಂಡಿನ ಹಕ್ಕುಗಳನ್ನೇ. ಈಗಲೂ ಕೆಲವರು ಇದನ್ನು ಹೆಣ್ಣಿನ ಸ್ವಾತಂತ್ರ್ಯದ ಗುರುತೆಂದು ಓದುತ್ತಾರೆ. ಮಗಳು ಮಗಳಾಗಿಯೇ ಆಸ್ತಿ ಪಡೆಯಬಹುದಾಗಿದ್ದರೆ, ಮಗಳೇ ತಂದೆಗೆ ಕೊಳ್ಳಿ ಇಡಬಹುದಾಗಿದ್ದರೆ ಈ ಏರ್ಪಾಡು ಬೇಕೇ ಇರಲಿಲ್ಲ. ಗಂಡಿಗೆ ಮಾತ್ರ ಹಕ್ಕು ಎಂಬ ನಿಯಮವನ್ನು ಮುರಿಯದೆ ಮುದಿತನಕ್ಕೊಂದು ಆಸರೆ ಉಳಿಸಿಕೊಳ್ಳಬೇಕಾದರೆ ಮಗಳ ಮೈಯನ್ನು ಬೆಲೆಯಾಗಿ ತೆರಬೇಕು: ಇದು ತಾಯಿಯ ಮುಂದಿದ್ದ ಆಯ್ಕೆ. ಅವಳು ಮಾಡಿದ್ದು ಸರಿ ಎನ್ನಲಾರೆ. ಆದರೆ ಆ ಎರಡೇ ದಾರಿಗಳನ್ನು ಅವಳ ಮುಂದಿಟ್ಟವರು ಬೇರೆ. ಜೋಗತಿಯ ವಿಷಯವೂ ಹೀಗೆಯೇ. ತನಗೆ ವಯಸ್ಸಾದಾಗ ಜೋಗಕ್ಕೆ, ಪಡ್ಡಲಿಗಿ ಹೊರಲು ಇನ್ನೊಬ್ಬಳು ಬೇಕು. ಹತ್ತು ವರ್ಷ ಅವಳ ಬಾಗಿಲಿಗೆ ಬಂದ ಸಾಹುಕಾರ ಮುದಿತನದಲ್ಲಿ ಅವಳಿಗೆ ಅನ್ನ ಹಾಕುವುದಿಲ್ಲ ಎಂಬುದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಇನ್ನು ಕಾನೂನು. ಪದ್ಧತಿ ಹಳೆಯದು, ಆಗಿನ ಕಾಲದಲ್ಲಿ ಇದು ಅಪರಾಧ ಎಂದೇ ಯಾರಿಗೂ ಅನ್ನಿಸಿರಲಿಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಕಾನೂನಿನ ಪುಸ್ತಕ ಬೇರೆಯೇ ಹೇಳುತ್ತದೆ. 1860ರ ಭಾರತೀಯ ದಂಡ ಸಂಹಿತೆ ಇಂತಿಷ್ಟು ವಯಸ್ಸಿನೊಳಗಿನ ಹುಡುಗಿಯ ಜೊತೆಗಿನ ಸಂಭೋಗ, ಅವಳು ಒಪ್ಪಿದರೂ ಅತ್ಯಾಚಾರವೇ ಎಂದು 375ನೇ ಕಲಮಿನಲ್ಲಿ ಬರೆಯಿತು. ಆ ವಯಸ್ಸು ಮೊದಲು 10. ಕಲ್ಕತ್ತೆಯ ಬಾಲವಧು ಫುಲ್ಮೋನಿ ದಾಸಿಯ ಸಾವಿನ ನಂತರ 1891ರಲ್ಲಿ 12. 1925ರಲ್ಲಿ ಹೊರಗಿನವನಿಗೆ 14, ಗಂಡನಿಗೆ 13. 1949ರಲ್ಲಿ 16 ಮತ್ತು 15. ಪೋಕ್ಸೊ ಬಂದ 2012ರಿಂದ 18. 1891ರ ಆ ಏರಿಕೆಯ ವಿರುದ್ಧ ಪುಣೆಯಲ್ಲಿ ಎದ್ದ ಗದ್ದಲ, ತಿಲಕರ ವಿರೋಧ, ಎಲ್ಲವೂ ಗಂಡನ ಹಕ್ಕಿನ ಸುತ್ತ. ಆದರೆ ದೇವರಿಗೆ ಬಿಟ್ಟ ಹುಡುಗಿಯ ಬಳಿ ಬಂದವನು ಗಂಡನಲ್ಲ. ಗಂಡನಿಗೆ ಕೊಟ್ಟ ವಿನಾಯಿತಿ ಅವನಿಗೆ ಯಾವ ಕಾಲದಲ್ಲೂ ದಕ್ಕುವಂತಿರಲಿಲ್ಲ. ಮೈನೆರೆದ ಕೂಡಲೇ, ಅಂದರೆ 12, 13ನೇ ವಯಸ್ಸಿನಲ್ಲಿ ಹುಡುಗಿಯನ್ನು ಒಪ್ಪಿಸುತ್ತಿದ್ದರು ಎಂದಾದರೆ, 1925ರಿಂದ ಈಚೆಗೆ ಅದು ಅಪ್ಪಟ ಅತ್ಯಾಚಾರ. ಹೊಸ ಕಾಯ್ದೆ ಬೇಕಿರಲಿಲ್ಲ, ದೇವದಾಸಿ ಎಂಬ ಪದವೂ ಬೇಕಿರಲಿಲ್ಲ. ಅದೂ ಸಾಲದೆಂದರೆ 372, 373ನೇ ಕಲಮುಗಳಿದ್ದವು: ಎಳೆಯ ಹುಡುಗಿಯನ್ನು ಅನೈತಿಕ ಬಳಕೆಗೆ ಮಾರುವುದು, ಕೊಳ್ಳುವುದು ಎರಡಕ್ಕೂ 10 ವರ್ಷದವರೆಗೆ ಸಜೆ.

ಈ 372ರ ಕೆಳಗೊಂದು ವಿವರಣೆ ಇತ್ತು, ಕುತೂಹಲದ್ದು. ಸಮುದಾಯದ ರೂಢಿಯು ಮದುವೆಯಲ್ಲದಿದ್ದರೂ ಮದುವೆಯಂಥ ಬಾಂಧವ್ಯ ಎಂದು ಒಪ್ಪಿದ ಸಂಬಂಧವನ್ನು ಈ ಕಲಮು ‘ಅಕ್ರಮ ಸಂಭೋಗ’ ಎಂದು ಎಣಿಸುತ್ತಿರಲಿಲ್ಲ. ರೂಢಿಗೆ ಕಾನೂನು ಬಾಗಿಲು ತೆರೆದಿಟ್ಟಿತು ಎಂದು ಮೊದಲ ಓದಿಗೆ ಅನ್ನಿಸುತ್ತದೆ. 2023ರ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ವಿವರಣೆ ಹಾಗೇ ಉಳಿದಿದೆ. ಆದರೆ ಇಬ್ಬರೂ ಬೇರೆ ಬೇರೆ ಸಮುದಾಯದವರಾದರೆ ಎರಡೂ ಸಮುದಾಯಗಳು ಆ ಸಂಬಂಧವನ್ನು ಒಪ್ಪಿರಬೇಕು ಎಂದು ಅದೇ ವಾಕ್ಯ ಹೇಳುತ್ತದೆ. ಮಾದಿಗರ ಕೇರಿಯ ಹುಡುಗಿಯನ್ನು ಅರ್ಧ ಹೆಂಡತಿ ಎಂದು ಒಪ್ಪುವ ಗೌಡರ ಮನೆ ಯಾವುದಿತ್ತು? ಅಂದರೆ ಆ ಸಂದಿನಲ್ಲೂ ಅವನು ನುಸುಳುವಂತಿರಲಿಲ್ಲ. ಪುಸ್ತಕದಲ್ಲಿ ಅವನು ಎರಡೆರಡು ಕಲಮಿನ ಅಪರಾಧಿ. ಕಾನೂನು ಕೊಡದ ಮಾಫಿಯನ್ನು ಅವನಿಗೆ ಕೊಟ್ಟದ್ದು ಊರು.

ಊರು ಎಂದರೆ ಇಲ್ಲಿ ಬರೀ ಗಾಳಿಮಾತಲ್ಲ, ಒಂದು ಆಡಳಿತ. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಅಲ್ಲಿ 1867ರ ಗ್ರಾಮ ಪೊಲೀಸ್ ಕಾಯ್ದೆಯ ಪ್ರಕಾರ ಊರಲ್ಲಿ ನಡೆದ ಅಪರಾಧದ ವರದಿ ಕಳಿಸಬೇಕಾದವನು ಪೊಲೀಸ್ ಪಾಟೀಲ. ಆ ಹುದ್ದೆ ವತನದ್ದು, ಗೌಡಕಿಯ ಮನೆತನದಲ್ಲಿ ತಲೆಯಿಂದ ತಲೆಗೆ ಇಳಿದು ಬಂದದ್ದು. ಅವನ ಕೈಕೆಳಗೆ ಓಡಾಡುವ ವಾಲೀಕಾರ, ತಳವಾರರ ಪೈಕಿ ಅನೇಕರು ಕೆಳಜಾತಿಗಳವರು, ಕೆಲವು ಸಲ ಆ ಹುಡುಗಿಯ ಚಿಕ್ಕಪ್ಪ ದೊಡ್ಡಪ್ಪಂದಿರೇ. ಕಾಗದ ಬರೆಯುವ ಕುಲಕರ್ಣಿ ಇನ್ನೊಂದು ವತನದವನು. ಹುಡುಗಿಯ ತಂದೆಗೆ ದೂರು ಕೊಡುವ ಮನಸ್ಸು ಬಂತೆಂದೇ ಇಟ್ಟುಕೊಳ್ಳೋಣ. ದೂರು ಒಯ್ಯಬೇಕಾದ ಚಾವಡಿ, ಬೀಜಕ್ಕೆ ಕಾಳು ಕಡ ತರಬೇಕಾದ ಹಗೇವು, ಕುಡಿಯುವ ನೀರಿಗೆ ಕೈಯೊಡ್ಡಬೇಕಾದ ಬಾವಿ ಎಲ್ಲವೂ ಒಂದೇ ಓಣಿಯಲ್ಲಿದ್ದವು. ಆ ಓಣಿಯ ಯಜಮಾನನೇ ಆರೋಪಿ, ಇಲ್ಲವೇ ಅವನ ಬೀಗ. ಲೈಂಗಿಕ ಹಿಂಸೆಯನ್ನು ಕೆಟ್ಟ ಗಂಡಸಿನ ಕೆಟ್ಟ ಬುದ್ಧಿ ಎಂದು ವಿವರಿಸುವವರಿಗೆ ಈ ಚಾವಡಿಯನ್ನು ತೋರಿಸಬೇಕು. ಅಲ್ಲಿ ಕೂತವನು ಸ್ವಭಾವದಲ್ಲಿ ಒಳ್ಳೆಯವನೇ ಇರಬಹುದು. ಅವನನ್ನು ಯಾರೂ ಕೇಳದ ಹಾಗೆ ಏರ್ಪಾಟು ಮೊದಲೇ ಆಗಿತ್ತು. ವತನದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ ಕಾಯ್ದೆ ಬಂದದ್ದು 1961ರಲ್ಲಿ, ಉಳುವವನಿಗೆ ಹೊಲ ಎಂಬ ಭೂಸುಧಾರಣೆಯ ತಿದ್ದುಪಡಿ 1974ರಲ್ಲಿ. ಆಗಲೂ ಲಾಭವಾದದ್ದು ಗೇಣಿದಾರನಿಗೆ. ಕೂಲಿಯವಳ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ.

ಸುಧಾರಣೆಯ ಮೊದಲ ಹೆಜ್ಜೆ ಇಟ್ಟದ್ದು ಮೈಸೂರು ಸಂಸ್ಥಾನ. 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಅದಕ್ಕೆ ಕೊಟ್ಟ ಕಾರಣಗಳು ದೇವಸ್ಥಾನದ ಪಾವಿತ್ರ್ಯದ ಸುತ್ತ ತಿರುಗಿದವು: ಆಗಮ ಬಯಸುವ ಶುದ್ಧಿ ಈ ಹೆಂಗಸರಲ್ಲಿ ಉಳಿದಿಲ್ಲ, ಆದ್ದರಿಂದ ಅವರು ಗುಡಿಯೊಳಗೆ ಇರಬಾರದು. ನಂಜನಗೂಡಿನ ದೇವದಾಸಿಯರು ತಮ್ಮ ಸೇವೆ ಶಾಸ್ತ್ರಸಮ್ಮತ, ತಲೆತಲಾಂತರದ್ದು ಎಂದು ಅರ್ಜಿ ಹಾಕಿಕೊಂಡರೂ ಆಜ್ಞೆ ಬದಲಾಗಲಿಲ್ಲ. ಅವರ ಶುದ್ಧಿ ಕೆಡಿಸಿದವರು ಯಾರು, ಅವರು ಗುಡಿಯೊಳಗೆ ಬರಬಹುದೇ ಎಂಬ ಪ್ರಶ್ನೆ ಆಜ್ಞೆಯ ಲೆಕ್ಕಕ್ಕೇ ಬರಲಿಲ್ಲ. ಆ ಗಂಡಸರಲ್ಲಿ ಕೆಲವರು ಧರ್ಮದರ್ಶಿಗಳೂ ಆಗಿದ್ದಿರಬಹುದು. ಹೆಂಗಸಿನ ಕೆಲಸ ಹೋಯಿತು, ಗಂಡಸಿನ ದರ್ಶನ ಹೋಗಲಿಲ್ಲ.

ಇಲ್ಲಿಯೇ ಇನ್ನೊಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು, ಅದು ಹಗುರವಾದ ಆಕ್ಷೇಪವಲ್ಲ. ದೇವದಾಸಿಯರು ಕಲಾವಿದೆಯರಾಗಿದ್ದರು, ಓದುಬರಹ ಬಲ್ಲವರಾಗಿದ್ದರು, ಆಸ್ತಿವಂತರಾಗಿದ್ದರು. ಇಂಗ್ಲಿಷ್ ಓದಿದ ಸುಧಾರಕರ ಮಡಿವಂತಿಕೆ ಒಂದು ಸಂಸ್ಕೃತಿಯನ್ನೇ ಕೊಂದಿತು ಎಂಬ ವಾದ ಅದು. ಇದರಲ್ಲಿ ಸತ್ಯವಿದೆ. ಕರ್ನಾಟಕದ ಮಧ್ಯಕಾಲದ ಶಾಸನಗಳಲ್ಲಿ ಪಾತ್ರದವರು, ಸೂಳೆಯರು ದಾನಿಗಳಾಗಿ ಬರುತ್ತಾರೆ. ವಚನಕಾರ್ತಿಯರ ನಡುವೆ ಸೂಳೆ ಸಂಕವ್ವೆ ಇದ್ದಾಳೆ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ 1910ರಲ್ಲಿ ಕವಯಿತ್ರಿ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು ಅಚ್ಚು ಹಾಕಿಸಿ, ಅದನ್ನು ಅಶ್ಲೀಲ ಎಂದ ಸುಧಾರಕ ವೀರೇಶಲಿಂಗಂ ಪಂತುಲು ಅವರಿಗೆ ನೇರ ಉತ್ತರ ಕೊಟ್ಟ ವಿದುಷಿ. ಗಂಡಸು ಬರೆದ ಶೃಂಗಾರ ಕಾವ್ಯವಾಗುತ್ತದೆ, ಹೆಂಗಸು ಬರೆದದ್ದು ಅಶ್ಲೀಲವಾಗುತ್ತದೆಯೇ ಎಂಬ ಆಕೆಯ ತಕರಾರು ಇವತ್ತಿಗೂ ಚೂಪಾಗಿದೆ. ಆದರೆ ತಂಬೂರಿ ಹಿಡಿದ ನಾಗರತ್ನಮ್ಮನವರ ಹಕ್ಕಿನ ಮಾತನ್ನು ತಂದು ರಾಯಬಾಗದ ಕೇರಿಯಲ್ಲಿ ಏಳನೇ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡ ಹುಡುಗಿಯ ಮೇಲೆ ಹೊದಿಸುವುದು ಬೇರೆ. ಅವಳಿಗೆ ಸಂಗೀತದ ಗುರುವಿರಲಿಲ್ಲ, ಇನಾಮು ಭೂಮಿಯಿರಲಿಲ್ಲ, ಎಷ್ಟೋ ಊರಲ್ಲಿ ಗುಡಿಯ ಒಳಗೆ ಕಾಲಿಡುವ ಹಕ್ಕೂ ಇರಲಿಲ್ಲ. ಎರಡನ್ನೂ ಒಂದೇ ಹೆಸರಿನಿಂದ ಕರೆದದ್ದರಿಂದ ಲಾಭ ಆದದ್ದು ಗೌಡರಿಗೆ: ತಮ್ಮೂರ ಹೊಲಗೂಲಿಯ ಮಗಳ ಮೇಲಿನ ದಬ್ಬಾಳಿಕೆಗೆ ಹಂಪಿಯ ಕಂಬದ ನರ್ತಕಿಯರಿಂದ ಒಂದು ಗೌರವದ ಪೂರ್ವಚರಿತ್ರೆ ಸಿಕ್ಕಿತು.

ಪ್ರತ್ಯೇಕ ಕಾಯ್ದೆಗಳು ಆಮೇಲೆ ಬಂದವು. ಮುಂಬಯಿ ಪ್ರಾಂತ್ಯದಲ್ಲಿ 1934ರಲ್ಲಿ, ಮುತ್ತುಲಕ್ಷ್ಮಿ ರೆಡ್ಡಿಯವರ ಬಹುಕಾಲದ ಹೋರಾಟದ ನಂತರ ಮದ್ರಾಸಿನಲ್ಲಿ 1947ರಲ್ಲಿ. ನಿಜಾಮರ ರಾಯಚೂರು, ಕೊಪ್ಪಳಕ್ಕೆ ಈ ಎರಡೂ ಅನ್ವಯಿಸುತ್ತಿರಲಿಲ್ಲ. ಏಕೀಕರಣವಾಗಿ ಕಾಲು ಶತಮಾನ ಕಳೆದ ಮೇಲೆ 1982ರಲ್ಲಿ ಕರ್ನಾಟಕ ದೇವದಾಸಿ (ಸಮರ್ಪಣಾ ನಿಷೇಧ) ಕಾಯ್ದೆ ಆಯಿತು. ಹೆಸರೇ ಹೇಳುವಂತೆ ಅದು ನಿಷೇಧಿಸಿದ್ದು ಸಮರ್ಪಣೆಯನ್ನು, ಅಂದರೆ ವಿಧಿಯನ್ನು. ವಿಧಿ ನಡೆಸುವವರಿಗೆ, ಅದಕ್ಕೆ ನೆರವಾಗುವವರಿಗೆ 3 ವರ್ಷದವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ. ತಪ್ಪು ಮಾಡಿದವರು ತಂದೆ, ತಾಯಿ, ಪೋಷಕರು ಅಥವಾ ನೆಂಟರಾದರೆ ಸೆರೆ 2 ವರ್ಷಕ್ಕೆ ಕಡಿಮೆಯಿಲ್ಲದೆ 5 ವರ್ಷದವರೆಗೆ, ದಂಡ 5,000ದವರೆಗೆ. ಇದರ ಹಿಂದಿನ ಆಲೋಚನೆ ಅರ್ಥವಾಗುವಂಥದ್ದೇ: ಕಾಪಾಡಬೇಕಾದವರೇ ಕೊಟ್ಟರೆ ತಪ್ಪು ದೊಡ್ಡದು. ಆದರೆ ಶಿಕ್ಷೆಯ ಏಣಿಯಲ್ಲಿ ಮೇಲಿನ ಮೆಟ್ಟಿಲಿನಲ್ಲಿ ನಿಂತವಳು ಕೂಲಿ ಮಾಡುವ ತಾಯಿ, ಕೆಳಗಿನ ಮೆಟ್ಟಿಲಿನಲ್ಲಿ ಪೂಜಾರಿ. ಏಣಿಯಲ್ಲೇ ಇಲ್ಲದವನು ಆ ಸಮರ್ಪಣೆಯ ಫಲವನ್ನು ಉಂಡವನು. ಮುತ್ತು ಕಟ್ಟುವಾಗ ಹಾಜರಿರಬೇಕಾಗಿಲ್ಲದ ವ್ಯಕ್ತಿಯನ್ನು ಮುತ್ತು ಕಟ್ಟುವುದನ್ನಷ್ಟೇ ಅಪರಾಧವೆಂದ ಕಾಯ್ದೆ ಹಿಡಿಯುವುದಾದರೂ ಹೇಗೆ? ದಂಡ ಸಂಹಿತೆ ಇದೆಯಲ್ಲ ಎನ್ನಬಹುದು. ಇತ್ತು, 1860ರಿಂದಲೂ ಇತ್ತು. ಪ್ರತ್ಯೇಕ ಕಾಯ್ದೆ ಬಂದ ಮೇಲೆ ಪೊಲೀಸರಿಗೂ ಪತ್ರಿಕೆಗಳಿಗೂ ಇದು ‘ದೇವದಾಸಿ ಸಮಸ್ಯೆ’ ಆಯಿತು, ಮೂಢನಂಬಿಕೆಯ ವಿಷಯವಾಯಿತು. ಹುಡುಗಿಯ ವಯಸ್ಸು ಕೇಳಿ ಅತ್ಯಾಚಾರಕ್ಕೆ ಶಿಕ್ಷೆ ಹೇಳುವ 376ನೇ ಕಲಮು ಹಾಕಬೇಕಾದ ವಿಷಯವಾಗಿ ಉಳಿಯಲಿಲ್ಲ.

ಬಡತನವೇ ಮೂಲ, ಗಂಡು ಹೆಣ್ಣಿನ ಮಾತು ಇಲ್ಲಿಗೇಕೆ ಎನ್ನುವವರಲ್ಲಿ ಒಳ್ಳೆಯ ಮನಸ್ಸಿನವರೂ ಇದ್ದಾರೆ. ಯಾವ ಮನೆ ಮಗಳನ್ನು ಬಿಟ್ಟಿತು ಎಂಬುದನ್ನು ಬಡತನ ವಿವರಿಸುತ್ತದೆ. ಯಾವ ಮನೆ ಪಡೆಯಿತು ಎಂಬುದನ್ನು ವಿವರಿಸುವುದಿಲ್ಲ, ಪಡೆದವನು ಬಡವನಾಗಿರಲಿಲ್ಲ. ಎಲ್ಲಮ್ಮನಿಗೆ ಗಂಡುಮಕ್ಕಳನ್ನೂ ಬಿಡುತ್ತಾರಲ್ಲ ಎಂದು ಜೋಗಪ್ಪಗಳನ್ನು ತೋರಿಸುವುದುಂಟು. ಬಿಡುತ್ತಾರೆ, ಆದರೆ ಜೋಗಪ್ಪ ಸೀರೆ ಉಟ್ಟು ಹೆಣ್ಣಾಗಿ ಬದುಕುವವರು, ಆ ಬದುಕಿಗೆ ಬರುವ ಅವಮಾನವೂ ಹೆಣ್ಣಿಗೆ ಬರುವಂಥದ್ದೇ. 2021ರ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಬಾಳೇ ಇದನ್ನು ಹೇಳುತ್ತದೆ. ಇನ್ನು ಸಾಹುಕಾರರು ಎಷ್ಟೋ ಜನರಿಗೆ ಮನೆ ಕಟ್ಟಿಸಿಕೊಟ್ಟಿದ್ದಾರೆ, ತುಂಡು ಹೊಲ ಕೊಟ್ಟಿದ್ದಾರೆ, ಬಾಳಿನುದ್ದಕ್ಕೂ ನೋಡಿಕೊಂಡಿದ್ದಾರೆ ಎಂಬ ಮಾತು. ಅಂಥವರೂ ಇದ್ದಿರಬೇಕು. ಆದರೆ ಕೊಟ್ಟರೆ ದೊಡ್ಡ ಮನಸ್ಸು, ಕೊಡದಿದ್ದರೆ ತಪ್ಪೇನಿಲ್ಲ ಎಂಬಂಥ ಕೊಡುಗೆಯನ್ನು ಹೊಣೆ ಎನ್ನುವುದಿಲ್ಲ. ಕೇಳಿ ಪಡೆಯಲಾಗದ್ದು ಹಕ್ಕೂ ಅಲ್ಲ.

ಪದ್ಧತಿಯ ಬೆನ್ನು ಮುರಿಯತೊಡಗಿದ್ದು ಅದನ್ನು ಉಂಡ ಹೆಂಗಸರೇ ಸಂಘ ಕಟ್ಟಿಕೊಂಡಾಗ. 1970ರ ದಶಕದಲ್ಲಿ ಗಡಿಯಾಚೆಯ ಗಡಹಿಂಗ್ಲಜ, ಈಚೆಯ ನಿಪ್ಪಾಣಿಯಲ್ಲಿ ಶುರುವಾದ ಸದ್ದು ಅಥಣಿಗೂ ಘಟಪ್ರಭೆಗೂ ಹಬ್ಬಿತು. ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ, ತಾವೇ ಏಳನೇ ವಯಸ್ಸಿಗೆ ದೇವರಿಗೆ ಬಿಡಲ್ಪಟ್ಟವರು, ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ಮೂಲಕ ಸಾವಿರಾರು ಹೆಂಗಸರನ್ನು ಒಟ್ಟುಗೂಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗುಡ್ಡದಲ್ಲಿ ಜಾತ್ರೆಯ ಹೊತ್ತು ಪಹರೆ, ಫಲಕ, ಮೈಕಿನ ಎಚ್ಚರಿಕೆ ಬಂದವು. ವಿಧಿ ಮನೆಯೊಳಗೆ, ಸಣ್ಣ ಗುಡಿಗಳಿಗೆ, ಜಾತ್ರೆಯಲ್ಲದ ದಿನಗಳಿಗೆ ಸರಿಯಿತು. 2014ರ ಫೆಬ್ರವರಿಯಲ್ಲಿ ಹರಪನಹಳ್ಳಿ ತಾಲ್ಲೂಕಿನ ಒಂದು ಗುಡಿಯಲ್ಲಿ ಹುಡುಗಿಯರನ್ನು ಬಿಡಲಿದ್ದಾರೆ ಎಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿ, ತಡೆಯಿರಿ ಎಂದು ಕೋರ್ಟು ರಾಜ್ಯ ಸರ್ಕಾರಕ್ಕೆ ಹೇಳಬೇಕಾಯಿತು. ಕಾಯ್ದೆಗೆ ಆಗ ಮೂರು ದಶಕ ದಾಟಿತ್ತು.

2025ರ ಆಗಸ್ಟಿನಲ್ಲಿ ಕರ್ನಾಟಕದ ವಿಧಾನಮಂಡಲಕ್ಕೆ ಬಂದ ಹೊಸ ಮಸೂದೆ ಮೊದಲ ಬಾರಿಗೆ ಕಣ್ಣನ್ನು ಆ ಗಂಡಸಿನ ಕಡೆ ಹೊರಳಿಸಿತು. ದೇವದಾಸಿಯ ಮಗು ತನ್ನ ತಂದೆ ಯಾರೆಂದು ತಿಳಿಯುವ, ಬೇಕಾದರೆ ಡಿಎನ್‌ಎ ಪರೀಕ್ಷೆಯಿಂದ ಅದನ್ನು ಸ್ಥಾಪಿಸುವ ಹಕ್ಕು, ಅದರ ಬೆನ್ನಿಗೆ ಆಸ್ತಿಯ ಹಕ್ಕು ಅದರಲ್ಲಿವೆ. ಸಂಘಗಳ ಹೆಂಗಸರು ವರ್ಷಗಟ್ಟಲೆ ಕೇಳಿದ್ದು ಇದನ್ನೇ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಬರೆಯುವ ಸಾಲು ಅವರ ಮಕ್ಕಳನ್ನು ಎಷ್ಟು ನೋಯಿಸಿದೆ ಎಂಬುದು ಅವರಿಗೆ ಗೊತ್ತು. ಮನೆತನಗಳ ಮಾನ ಹೋಗುತ್ತದೆ, ಇಳಿವಯಸ್ಸಿನ ಹಿರಿಯರನ್ನು ಕಚೇರಿಗೆ ಎಳೆಯುತ್ತೀರಾ ಎಂಬ ಗೊಣಗು ಏಳುವುದು ಖಂಡಿತ. ಒಪ್ಪಿಗೆಯ ವಯಸ್ಸು ಏರಿಸಿದ 1891ರಲ್ಲೂ ಮಾನದ ಮಾತೇ ಎದ್ದಿತ್ತು. ಆದರೆ ಮಸೂದೆ ತಂದೆಯನ್ನು ಹುಡುಕುವುದು ಆಸ್ತಿಯ ಹೊಣೆಗಾರನಾಗಿ, ಮಗುವಿನ ಅರ್ಜಿಯ ಮೇಲೆ. ಇನ್ನೊಂದು ಲೆಕ್ಕ ಅದರ ಪಕ್ಕದಲ್ಲೇ ಇದೆ. ಡಿಎನ್‌ಎ ವರದಿ ಒಬ್ಬನನ್ನು ತಂದೆ ಎಂದು ಗುರುತಿಸಿದ ದಿನ ತಾಯಿಯ ಹುಟ್ಟಿದ ವರ್ಷವನ್ನು ಮಗುವಿನ ಹುಟ್ಟಿದ ವರ್ಷದಿಂದ ಕಳೆದು ನೋಡಬಹುದು. ಉತ್ತರ 14, 15 ಎಂದು ಬಂದರೆ ಆ ವರದಿ ಪಿತೃತ್ವದ ಪುರಾವೆ ಮಾತ್ರವಲ್ಲ, 376ನೇ ಕಲಮಿನ ಪುರಾವೆಯೂ ಹೌದು. ಅಂಥ ದೊಡ್ಡ ಅಪರಾಧಕ್ಕೆ ನಮ್ಮ ಕಾನೂನಿನಲ್ಲಿ ಕಾಲಮಿತಿಯ ತಡೆಯಿಲ್ಲ. ಮೊಕದ್ದಮೆ ಹೂಡುವುದೋ ಬೇಡವೋ ಎಂಬುದನ್ನು ಆ ತಾಯಿ ನಿರ್ಧರಿಸಲಿ; ಆಸ್ತಿಯ ಪಾಲು ಸಿಕ್ಕರೆ ಸಾಕು ಎಂದು ಅವಳಿಗೆ ಅನ್ನಿಸಿದರೆ ಅದೂ ಅವಳ ನ್ಯಾಯವೇ. ಅವಳನ್ನು ಆ ಮಾತು ಕೇಳಬೇಕೆಂದು ಹೇಳುವ ಕಲಮು ಮಾತ್ರ ಇನ್ನೂ ಬರೆಯಬೇಕಾಗಿದೆ.